ದೂರದ ತಂಡದಲ್ಲಿ ವೆಬ್ ಡಿಸೈನರ್: ಓದುಗರ ಪ್ರಶ್ನೆಗಳಿಗೆ ಉತ್ತರ

ಬೇರೆ ಊರಿನ, ಬೇರೆ ದೇಶದ ತಂಡಗಳಿಗಾಗಿ ಮನೆಯಿಂದಲೇ ಕೆಲಸ ಮಾಡುವ ವೆಬ್ ಡಿಸೈನರ್‌ಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಪ್ರಸ್ತಾಪಿಸಿದ ಮೇಲೆ ಮುಂಬಯಿ, ಪುಣೆ ಮತ್ತು ಗೋವಾದ ಓದುಗರಿಂದ ಸಾಕಷ್ಟು ಪತ್ರಗಳು ಬಂದಿವೆ. ಒಂದೇ ವಿಷಯವನ್ನು ಕೇಳಿದವುಗಳನ್ನು ಒಟ್ಟುಗೂಡಿಸಿದ್ದೇನೆ. ಹೆಸರು ಪ್ರಕಟಿಸಬೇಡಿ ಎಂದು ಕೆಲವರು ಕೋರಿದ್ದರಿಂದ ಎಲ್ಲರ ಊರನ್ನಷ್ಟೇ ಕೊಟ್ಟಿದ್ದೇನೆ.

ಪ್ರಶ್ನೆ: ಅಂಧೇರಿಯ ಜಾಹೀರಾತು ಸಂಸ್ಥೆಯೊಂದರಲ್ಲಿದ್ದ ನಾನು ಈಗ ಬರ್ಲಿನ್‌ನ ತಂಡವೊಂದಕ್ಕೆ ಮನೆಯಿಂದಲೇ ವೆಬ್ ಡಿಸೈನ್ ಮಾಡುತ್ತಿದ್ದೇನೆ. ಎಲ್ಲರೂ ಫಿಗ್ಮಾ ಎಂಬ ವಿನ್ಯಾಸ ಸಾಧನ ಬಳಸುತ್ತೇವೆ. ಮೊದಲು ವಿನ್ಯಾಸಕ್ಕೆ ಕೋಡ್ ಬರೆದು ಪುಟ ಕಟ್ಟುವ ಡೆವಲಪರ್ ಪಕ್ಕದ ಕುರ್ಚಿಯಲ್ಲೇ ಇರುತ್ತಿದ್ದರು. ಈಗ ನಾನು ಕೊಟ್ಟ ವಿನ್ಯಾಸವೇ ಒಂದು, ಅವರು ಕಟ್ಟಿದ ಪುಟವೇ ಇನ್ನೊಂದು. ಕೇಳಿದರೆ ‘ನೀವು ಹೇಳಿರಲಿಲ್ಲ’ ಎನ್ನುತ್ತಾರೆ. ಏನು ಮಾಡಲಿ?
— ಡೊಂಬಿವಲಿ

ಉತ್ತರ: ಅವರು ಹೇಳುವುದು ಬಹುಮಟ್ಟಿಗೆ ನಿಜವಿರಬೇಕು. ಒಂದೇ ಕೋಣೆಯಲ್ಲಿ ಕುಳಿತು ಮಾಡುವ ವಿನ್ಯಾಸದಲ್ಲಿ ಅರ್ಧ ಭಾಗ ಚಿತ್ರದಲ್ಲಿರುತ್ತದೆ, ಉಳಿದರ್ಧ ಬಾಯಿಮಾತಿನಲ್ಲಿರುತ್ತದೆ. ಡೆವಲಪರ್ ಕುರ್ಚಿ ತಿರುಗಿಸಿ ‘ಹೆಸರು ಉದ್ದವಾದರೆ ಏನು ಮಾಡೋಣ’ ಎಂದು ಕೇಳುತ್ತಾರೆ, ನೀವು ‘ಎರಡನೆಯ ಸಾಲಿಗೆ ಹೋಗಲಿ ಬಿಡಿ’ ಎನ್ನುತ್ತೀರಿ. ಆ ಉತ್ತರ ಎಲ್ಲಿಯೂ ದಾಖಲಾಗದಿದ್ದರೂ ಕೆಲಸ ಸರಿಯಾಗಿ ಆಗಿಬಿಡುತ್ತದೆ. ದೂರದ ತಂಡಕ್ಕೆ ಸೇರಿದ ದಿನ ನೀವು ಕಳೆದುಕೊಂಡದ್ದು ಆ ಉಳಿದರ್ಧವನ್ನು. ಅದನ್ನು ಬರವಣಿಗೆಯಲ್ಲಿ ತುಂಬಿಕೊಡದಿದ್ದರೆ ತಂಡದ ಪಾಲಿಗೆ ಅದು ಇಲ್ಲವೇ ಇಲ್ಲ. ದೂರದ ತಂಡದ ಡಿಸೈನರ್‌ಗೆ ಬರೆಯುವುದು ವಿನ್ಯಾಸದ ಆಮೇಲಿನ ಕೆಲಸವಲ್ಲ, ವಿನ್ಯಾಸದ ಒಂದು ಭಾಗವೇ ಎಂಬುದು ನನ್ನ ಖಚಿತ ಅಭಿಪ್ರಾಯ.

ವೈದ್ಯರ ಭೇಟಿಗೆ ಸಮಯ ಕಾದಿರಿಸುವ ಒಂದು ಪುಟವನ್ನು ತೆಗೆದುಕೊಳ್ಳಿ. ನಾವು ಸಾಮಾನ್ಯವಾಗಿ ಬರೆಯುವ ಚಿತ್ರದಲ್ಲಿ ಹೆಸರು, ಫೋನ್ ಸಂಖ್ಯೆ, ದಿನಾಂಕ, ಕೆಳಗೊಂದು ಬಟನ್ ಇರುತ್ತವೆ. ಎಲ್ಲವೂ ತುಂಬಿರುತ್ತವೆ, ಎಲ್ಲವೂ ಸರಿಯಾಗಿರುತ್ತವೆ. ಆದರೆ ಕಟ್ಟುವವರಿಗೆ ಬೇಕಾದದ್ದು ಬೇರೆಯೇ ಇದೆ. ಏನನ್ನೂ ತುಂಬದಿದ್ದಾಗ ಪುಟ ಹೇಗೆ ಕಾಣಬೇಕು, ಫೋನ್ ಸಂಖ್ಯೆಯಲ್ಲಿ ಒಂದು ಅಂಕಿ ಕಡಿಮೆಯಾದರೆ ಎಚ್ಚರಿಕೆ ಎಲ್ಲಿ ಬರಬೇಕು ಮತ್ತು ಯಾವ ಮಾತಿನಲ್ಲಿ ಬರಬೇಕು, ಬಟನ್ ಒತ್ತಿ ಉತ್ತರ ಬರುವ ತನಕ ಏನು ತೋರಿಸಬೇಕು, ನಡುವೆ ನೆಟ್ ಹೋದರೆ ತುಂಬಿದ ವಿವರ ಉಳಿಯಬೇಕೇ, ಆ ದಿನ ಒಂದೂ ಸಮಯ ಖಾಲಿ ಇಲ್ಲದಿದ್ದರೆ ಏನು ಹೇಳಬೇಕು, ಇವರು ಒತ್ತುವಷ್ಟರಲ್ಲಿ ಅದೇ ಸಮಯವನ್ನು ಬೇರೊಬ್ಬರು ತೆಗೆದುಕೊಂಡಿದ್ದರೆ ಯಾವ ಪುಟಕ್ಕೆ ಮರಳಬೇಕು ಎಂಬ ಪ್ರಶ್ನೆಗಳಿಗೆ ಉತ್ತರ ಕಾಣದಿದ್ದರೆ ಡೆವಲಪರ್ ತಮಗೆ ತೋಚಿದಂತೆ ಮಾಡುತ್ತಾರೆ. ಅವರು ಹಾಗೆ ಮಾಡುವ ಹೊತ್ತಿಗೆ ನೀವು ದಿನದ ಕೆಲಸ ಮುಗಿಸಿ ಎದ್ದಿರುತ್ತೀರಿ. ಜರ್ಮನ್ ಪುಟಗಳಿಗೆ ಇನ್ನೊಂದು ಎಚ್ಚರವೂ ಬೇಕು. ಆ ಭಾಷೆಯ ಸಮಾಸ ಪದಗಳು ಬಹಳ ಉದ್ದವಾದ್ದರಿಂದ ಇಂಗ್ಲಿಷ್ ಮಾತಿನ ಅಳತೆಗೆ ಬಟನ್‌ನ ಅಗಲವನ್ನು ಕಟ್ಟಿಹಾಕಬಾರದು.

ಫೈಲ್‌ನಲ್ಲಿ ಬರೆಯುವ ಟಿಪ್ಪಣಿಯ ಗುಣವೂ ಮುಖ್ಯ. ‘ಫೋನಿನಲ್ಲಿ ಇದು ಸರಿ ಕಾಣುತ್ತಿಲ್ಲ, ಸ್ವಲ್ಪ ನೋಡಿ’ ಎಂದು ಬರೆದರೆ ಮರುದಿನ ‘ಏನು ಸರಿ ಕಾಣುತ್ತಿಲ್ಲ’ ಎಂಬ ಮರುಪ್ರಶ್ನೆ ಬರುತ್ತದೆ, ನೀವು ಉತ್ತರಿಸುವಷ್ಟರಲ್ಲಿ ಅವರ ಕಚೇರಿ ಮುಚ್ಚಿರುತ್ತದೆ, ಒಂದು ಸಣ್ಣ ತಿದ್ದುಪಡಿಗೆ ವಾರದ ಅರ್ಧ ಹೋಗುತ್ತದೆ. ಅದರ ಬದಲು ‘360 ಪಿಕ್ಸೆಲ್ ಅಗಲದ ಫೋನಿನಲ್ಲಿ ದಿನಾಂಕಗಳ ಪಟ್ಟಿ ಎರಡು ಸಾಲಾಗುತ್ತಿದೆ. ಒಂದೇ ಸಾಲಿನಲ್ಲಿದ್ದು ಪಕ್ಕಕ್ಕೆ ಸರಿಯುವಂತಿರಲಿ. ಎರಡು ಸಾಲಾದರೆ ಕೆಳಗಿನ ಬಟನ್ ಪರದೆಯಿಂದ ಹೊರಗೆ ಹೋಗುತ್ತದೆ’ ಎಂದು ಬರೆಯಿರಿ. ಎಲ್ಲಿ, ಏನು, ಏಕೆ ಎಂಬ ಮೂರೂ ಅದರಲ್ಲಿವೆ. ‘ಏಕೆ’ ಗೊತ್ತಿದ್ದರೆ ನಿಮ್ಮ ಪರಿಹಾರ ಅವರಿಂದ ಆಗದಿದ್ದರೂ ಅದೇ ಉದ್ದೇಶ ಈಡೇರಿಸುವ ಇನ್ನೊಂದನ್ನು ಅವರೇ ಹುಡುಕುತ್ತಾರೆ.

ನಿಮ್ಮ ತಂಡ ಫಿಗ್ಮಾ ಬಳಸುತ್ತದೆ ಎಂದು ಬರೆದಿದ್ದೀರಿ. 2016ರಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡ ಆ ಸಾಧನ ಬ್ರೌಸರ್‌ನಲ್ಲೇ ನಡೆಯುವುದರಿಂದ ಎಲ್ಲರೂ ಒಂದೇ ಫೈಲನ್ನು ನೋಡುತ್ತಾರೆ. ‘ಫೈನಲ್’, ‘ಫೈನಲ್ 2’, ‘ಫೈನಲ್ ಲಾಸ್ಟ್’ ಎಂಬ ಹೆಸರಿನ ಫೈಲುಗಳನ್ನು ಮೇಲ್‌ನಲ್ಲಿ ಕಳಿಸುತ್ತಿದ್ದ ಕಾಲ ಕಂಡವರಿಗೆ ಅದರ ಬೆಲೆ ಗೊತ್ತು. ಆದರೆ ನೀವು ಇನ್ನೂ ಯೋಚಿಸುತ್ತಿರುವ ಅರೆಬರೆ ಚಿತ್ರವನ್ನೂ ಅವರು ನೋಡುತ್ತಾರೆ, ಕೆಲವೊಮ್ಮೆ ಅದನ್ನೇ ಕಟ್ಟಿಯೂ ಬಿಡುತ್ತಾರೆ. ಕಟ್ಟಲು ಸಿದ್ಧವಾದದ್ದನ್ನು ಬೇರೆ ಪುಟದಲ್ಲಿಟ್ಟು ಹಾಗೆಂದು ಗುರುತು ಹಾಕಿ. ಆ ಸಾಧನದಲ್ಲೇ ಅದಕ್ಕೆ ಸೌಲಭ್ಯವಿದೆ. ಪುಟ ಕಟ್ಟಿ ಮುಗಿದ ಮೇಲೆ ಅದನ್ನು ನಿಜವಾದ ಫೋನಿನಲ್ಲಿ ತೆರೆದು ನೋಡುವ ತನಕ ನಿಮ್ಮ ಕೆಲಸ ಮುಗಿಯಿತೆಂದು ತಿಳಿಯಬೇಡಿ.

ಪ್ರಶ್ನೆ: ನಾನು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. ವಿಡಿಯೊ ಮೀಟಿಂಗ್‌ನಲ್ಲಿ ಎಲ್ಲರೂ ಇಂಗ್ಲಿಷಿನಲ್ಲಿ ಪಟಪಟನೆ ಮಾತನಾಡುವಾಗ ನನಗೆ ಬಾಯಿ ಬರುವುದಿಲ್ಲ, ನನ್ನ ಉಚ್ಚಾರಣೆಯ ಬಗ್ಗೆಯೂ ಚಿಂತೆ. ಈಚೆಗೆ ನಮ್ಮ ಹಿರಿಯ ಡಿಸೈನರ್ ಬಿಳಿ ಹಿನ್ನೆಲೆಯ ಮೇಲೆ ತೀರಾ ತಿಳಿ ಬೂದು ಬಣ್ಣದ ಅಕ್ಷರಗಳನ್ನಿಟ್ಟರು. ಓದಲು ಕಷ್ಟವೆಂದು ಅನಿಸಿದರೂ ಹೇಳಲಾಗಲಿಲ್ಲ. ಗ್ರಾಹಕರು ಯುರೋಪಿನವರು.
— ಚಿಂಚವಾಡ, ಪುಣೆ

ಉತ್ತರ: ಬಾಯಿದ್ದವನು ಬರಗಾಲದಲ್ಲೂ ಬದುಕುತ್ತಾನೆ ಎಂಬ ಗಾದೆ ಕಚೇರಿಗೆ ಹೆಚ್ಚು ಸಲ್ಲುತ್ತದೆ. ದೂರದ ತಂಡದಲ್ಲಿ ಬರೆಯಬಲ್ಲವನಿಗೂ ಸಮನಾದ ಜಾಗವಿದೆ, ಮತ್ತು ಬರೆಯುವಾಗ ಯಾರೂ ನಿಮ್ಮ ಮಾತಿಗಾಗಿ ಉಸಿರು ಹಿಡಿದು ಕಾಯುವುದಿಲ್ಲ. ಎರಡು ಬಾರಿ ತಿದ್ದಿ ಕಳಿಸಬಹುದು. ಮೀಟಿಂಗ್‌ನ ಹಿಂದಿನ ದಿನವೇ ನಿಮ್ಮ ವಿನ್ಯಾಸದ ಕೊಂಡಿಯ ಜೊತೆ ನಾಲ್ಕೈದು ವಾಕ್ಯ ಬರೆದು ಹಾಕಿದರೆ ಅಲ್ಲಿ ನೀವು ಭಾಷಣ ಮಾಡಬೇಕಾಗಿಲ್ಲ, ಕೇಳಿದ್ದಕ್ಕೆ ಉತ್ತರ ಕೊಟ್ಟರೆ ಸಾಕು.

ಬೂದು ಬಣ್ಣದ ವಿಷಯದಲ್ಲಿ ನಿಮ್ಮ ಕಣ್ಣು ಸರಿಯಾಗಿಯೇ ಹೇಳಿದೆ. ಇದು ರುಚಿಯ ಪ್ರಶ್ನೆಯಲ್ಲ, ಅಳತೆಯ ಪ್ರಶ್ನೆ. ವೆಬ್ ಎಲ್ಲರಿಗೂ ಎಟಕುವಂತಿರಬೇಕೆಂದು ವೆಬ್ ಮಾನದಂಡಗಳ ಸಂಸ್ಥೆಯಾದ ಡಬ್ಲ್ಯು3ಸಿ ರೂಪಿಸಿರುವ ಡಬ್ಲ್ಯುಸಿಎಜಿ ಮಾರ್ಗಸೂಚಿಯ ಎಎ ಹಂತದ ಪ್ರಕಾರ, ಸಾಮಾನ್ಯ ಗಾತ್ರದ ಅಕ್ಷರಕ್ಕೂ ಅದರ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5:1ರ ವ್ಯತ್ಯಾಸವಿರಬೇಕು; ದೊಡ್ಡ ಅಕ್ಷರಕ್ಕೆ 3:1 ಸಾಕು. ಬಿಳಿಯ ಮೇಲೆ #999999 ಎಂಬ ಸಂಕೇತದ ಬೂದು ಬಣ್ಣ ಇಟ್ಟರೆ ಸಿಗುವುದು ಸುಮಾರು 2.85 ಮಾತ್ರ. ಅದನ್ನೇ #767676ಕ್ಕೆ ಗಾಢ ಮಾಡಿದರೆ 4.54 ಆಗುತ್ತದೆ, ನೋಡುವವರಿಗೆ ಅದು ಇನ್ನೂ ಬೂದು ಬಣ್ಣವೇ. ಜೊತೆಗೆ, ಸೇವೆಗಳು ಅಂಗವಿಕಲರಿಗೂ ಎಟಕುವಂತಿರಬೇಕೆನ್ನುವ ಯುರೋಪಿನ ಪ್ರವೇಶಸಾಧ್ಯತಾ ಕಾಯ್ದೆ 2025ರ ಜೂನ್ 28ರಿಂದ ಅನ್ವಯವಾಗಿದ್ದು, ಆನ್‌ಲೈನ್ ಮಾರಾಟದಂತಹ ಸೇವೆಗಳು ಅದರ ವ್ಯಾಪ್ತಿಯಲ್ಲಿವೆ. ನಿಮ್ಮ ಗ್ರಾಹಕರದು ಅಂಥ ಸೇವೆಯಾದರೆ ನೀವು ಎತ್ತುವ ಆಕ್ಷೇಪ ಅವರನ್ನು ತೊಂದರೆಯಿಂದ ಉಳಿಸುವ ಆಕ್ಷೇಪ.

ಇಷ್ಟನ್ನೂ ತಂಡದವರೆಲ್ಲರೂ ನೋಡುವ ಚಾಟ್ ಚಾನೆಲ್‌ನಲ್ಲಿ ಹಾಕಬೇಡಿ. ಮೊದಲು ಹಿರಿಯರಿಗೆ ಖಾಸಗಿಯಾಗಿ ಬರೆದು, ಎರಡೂ ಬಣ್ಣಗಳನ್ನು ಅಕ್ಕಪಕ್ಕ ಇಟ್ಟ ಒಂದು ಚಿತ್ರ ಕಳಿಸಿ, ಅಂಕಿಗಳನ್ನು ಕೊಟ್ಟು, ನಿರ್ಧಾರವನ್ನು ಅವರಿಗೆ ಬಿಡಿ. ಪರದೆಯ ಮೇಲೆ ಓದುವ ಮಾತಿಗೆ ದನಿಯ ಏರಿಳಿತವಿಲ್ಲ; ಎದುರಿಗೆ ನಗುತ್ತಾ ಹೇಳಿದರೆ ಸಲಹೆಯಾಗುವ ವಾಕ್ಯವೇ ಬರವಣಿಗೆಯಲ್ಲಿ ಆರೋಪದಂತೆ ಕೇಳಿಸುತ್ತದೆ. ಉಚ್ಚಾರಣೆಯ ಬಗ್ಗೆ ನೀವು ಬರೆದ ಚಿಂತೆಯನ್ನು ಮಾತ್ರ ಬಿಟ್ಟುಬಿಡಿ. ನಿಮ್ಮ ತಂಡದ ಪೋಲೆಂಡಿನವರಿಗೂ ಸ್ಪೇನಿನವರಿಗೂ ಇಂಗ್ಲಿಷ್ ಎರಡನೆಯ ಭಾಷೆಯೇ.

ಪ್ರಶ್ನೆ: ನನ್ನ ತಂಡದಲ್ಲಿ ಬರ್ಲಿನ್ ಮತ್ತು ನ್ಯೂಯಾರ್ಕಿನವರಿದ್ದಾರೆ. ರಾತ್ರಿ ಎಂಟೂವರೆಯ ಮೀಟಿಂಗ್ ಒಂದು ದಿನ ಇದ್ದಕ್ಕಿದ್ದಂತೆ ಏಳೂವರೆಗೆ ಬರುತ್ತದೆ. ಮಗುವಿಗೆ ಊಟ ಮಾಡಿಸುವ ಹೊತ್ತು ಅದು. ಅತ್ತೆಯವರು ಏನೂ ಅನ್ನುವುದಿಲ್ಲವಾದರೂ ನನಗೇ ಸಂಕೋಚ.
— ಕೋಥರೂಡ, ಪುಣೆ

ಉತ್ತರ: ಇದ್ದಕ್ಕಿದ್ದಂತೆ ಬದಲಾಗುವುದಕ್ಕೆ ಕಾರಣ ಅಲ್ಲಿಯವರ ಗಡಿಯಾರ. ಅಮೆರಿಕದಲ್ಲಿ ಮಾರ್ಚ್‌ನ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು ನವೆಂಬರ್‌ನ ಮೊದಲ ಭಾನುವಾರ ಹಿಂದಕ್ಕೆ ತರುತ್ತಾರೆ. ಯುರೋಪಿನಲ್ಲಿ ಅದೇ ಕೆಲಸ ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರಗಳಂದು ನಡೆಯುತ್ತದೆ. ನಮ್ಮಲ್ಲಿ ಆ ಪದ್ಧತಿ ಇಲ್ಲ. ಆದ್ದರಿಂದ ನ್ಯೂಯಾರ್ಕಿನ ಬೆಳಿಗ್ಗೆ ಹತ್ತು ಗಂಟೆ ನಮಗೆ ಚಳಿಗಾಲದಲ್ಲಿ ರಾತ್ರಿ 8.30, ಬೇಸಿಗೆಯಲ್ಲಿ ಸಂಜೆ 7.30, ಬರ್ಲಿನ್‌ನ ಹತ್ತು ಗಂಟೆ ಕ್ರಮವಾಗಿ ಮಧ್ಯಾಹ್ನ 2.30 ಮತ್ತು 1.30. ಎರಡು ಖಂಡಗಳ ಬದಲಾವಣೆಯ ನಡುವೆ ಮಾರ್ಚ್‌ನಲ್ಲೂ ಅಕ್ಟೋಬರ್ ಕೊನೆಯಲ್ಲೂ ಕೆಲವು ದಿನ ಎಲ್ಲ ಲೆಕ್ಕವೂ ಕಲಸಿಹೋಗುತ್ತದೆ. ಆ ನಾಲ್ಕು ಭಾನುವಾರಗಳನ್ನು ವರ್ಷದ ಆರಂಭದಲ್ಲೇ ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡರೆ ಮನೆಯವರಿಗೂ ಮೊದಲೇ ಹೇಳಬಹುದು.

ಆದರೆ ನಿಜವಾದ ಪ್ರಶ್ನೆ ಆ ಮೀಟಿಂಗ್ ದಿನವೂ ಬೇಕೇ ಎಂಬುದು. ಯಾರು ಏನು ಮಾಡಿದರು ಎಂದು ಸರದಿಯಲ್ಲಿ ಹೇಳಿಸುವ ಮೀಟಿಂಗ್‌ಗಳಲ್ಲಿ ಹೆಚ್ಚಿನವು ಬರವಣಿಗೆಯಲ್ಲಿ ಮುಗಿಯುತ್ತವೆ. ವಿನ್ಯಾಸ ತೋರಿಸಬೇಕಾದಾಗ ಪರದೆಯನ್ನು ರೆಕಾರ್ಡ್ ಮಾಡುತ್ತಾ ನೀವೇ ವಿವರಿಸಿ ಐದಾರು ನಿಮಿಷದ ವಿಡಿಯೊ ಕಳಿಸಬಹುದು. ಅವರು ತಮ್ಮ ಹೊತ್ತಿಗೆ ನೋಡಿ, ಆಯಾ ಜಾಗದಲ್ಲೇ ಟಿಪ್ಪಣಿ ಬರೆಯಲಿ. ಎದುರೆದುರು ಮಾತನಾಡಲೇಬೇಕಾದದ್ದು ಅಭಿಪ್ರಾಯಭೇದ ಬಂದಾಗ ಮತ್ತು ಹೊಸ ಕೆಲಸ ಶುರುವಾಗುವಾಗ. ವಾರಕ್ಕೆ ಎರಡು ಸಂಜೆ ಮಾತ್ರ ಲಭ್ಯವಿರುವುದಾಗಿಯೂ ಉಳಿದ ದಿನ ಇಂಥ ಹೊತ್ತಿನೊಳಗೆ ಬರೆದು ತಿಳಿಸುವುದಾಗಿಯೂ ಪ್ರಸ್ತಾಪ ಮುಂದಿಡಿ. ಇದನ್ನು ಸೌಕರ್ಯದ ಬೇಡಿಕೆಯಾಗಿ ಮಂಡಿಸದೆ ಕೆಲಸದ ಕ್ರಮವಾಗಿ ಮಂಡಿಸಿದರೆ ಒಪ್ಪುವವರೇ ಹೆಚ್ಚು. ನ್ಯೂಯಾರ್ಕಿನವರೂ ಕೆಲವೊಮ್ಮೆ ತಮ್ಮ ಬೆಳಿಗ್ಗೆ ಎಂಟಕ್ಕೆ ಬರಬಹುದಲ್ಲ! ಪುಣೆಯಲ್ಲಿ ವಿದ್ಯುತ್ ದುರಸ್ತಿಗೆಂದು ಗುರುವಾರ ಲೈಟ್ ಹೋಗುವುದು ನಿಮಗೆ ಹೊಸದಲ್ಲ. ಆ ದಿನ ಮಹತ್ವದ ಮೀಟಿಂಗ್ ಇಟ್ಟುಕೊಳ್ಳಬೇಡಿ.

ಪ್ರಶ್ನೆ: ನಾನು ಮಾಟುಂಗದ ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದು ನಿವೃತ್ತನಾದವನು. ಮಗಳು ಎರಡು ವರ್ಷದಿಂದ ಮನೆಯಲ್ಲೇ ಕಂಪ್ಯೂಟರ್ ಮುಂದೆ ಕುಳಿತು ಯಾವುದೋ ಹೊರದೇಶದ ಕಂಪನಿಗೆ ಕೆಲಸ ಮಾಡುತ್ತಾಳೆ. ಊರಿನಿಂದ ಸಂಬಂಧ ಕೇಳಿಕೊಂಡು ಬಂದವರು ‘ಆಫೀಸ್ ಎಲ್ಲಿ’ ಎಂದರೆ ಏನು ಹೇಳಬೇಕೋ ತಿಳಿಯುವುದಿಲ್ಲ. ಇದು ನಂಬುವಂಥ ಕೆಲಸವೇ?
— ಮುಲುಂಡ್

ಉತ್ತರ: ನಂಬುವಂಥದ್ದೇ. ನಿಮ್ಮ ಹೋಟೆಲಿಗೆ ಬಂದ ಗಿರಾಕಿ ಅಡುಗೆಮನೆಯನ್ನು ನೋಡದೆ, ದೋಸೆಯ ರುಚಿಯಿಂದಲೇ ಒಳಗಿನವರ ಕೈಗುಣವನ್ನು ಅಳೆಯುತ್ತಿದ್ದನಲ್ಲವೇ? ನಿಮ್ಮ ಮಗಳ ಕೆಲಸವೂ ಹಾಗೆ ಹೊರಗೆ ಕಾಣಿಸಿಕೊಳ್ಳುತ್ತದೆ. ಅವರು ರೂಪಿಸಿದ ಪುಟಗಳನ್ನು ತೋರಿಸಲು ಕೇಳಿ. ಒಪ್ಪಂದದ ಮಿತಿಯೊಳಗೆ ಖುಷಿಯಿಂದ ತೋರಿಸಿಯಾರು. ಸಂಬಂಧಕ್ಕೆ ಬಂದವರಿಗೆ ಹುದ್ದೆಯ ಹೆಸರನ್ನೂ ಕಂಪನಿ ಇರುವ ಊರನ್ನೂ ಹೇಳಿದರೆ ಸಾಕು. ಆಮೇಲೂ ‘ಆಫೀಸ್ ಎಲ್ಲಿ’ ಎಂದೇ ಕೇಳುತ್ತಿದ್ದರೆ, ಮದುವೆಯ ನಂತರ ಮಗಳು ಈ ಕೆಲಸ ಮುಂದುವರಿಸಲು ಆ ಮನೆಯವರು ಬಿಡುತ್ತಾರೆಯೇ ಎಂದು ನೀವು ವಿಚಾರಿಸಿಕೊಳ್ಳುವುದು ಒಳ್ಳೆಯದು. ನಿಮ್ಮಿಂದ ಆಗಬಹುದಾದ ಉಪಕಾರ ಇನ್ನೊಂದಿದೆ. ಮಗಳ ಕೆಲಸದ ಹೊತ್ತಿನಲ್ಲಿ ಗ್ಯಾಸ್ ಸಿಲಿಂಡರಿನವರು ಬಂದರೆ ಬಾಗಿಲು ನೀವು ತೆರೆಯಿರಿ. ಮನೆಯಲ್ಲೇ ಇದ್ದಾಳಲ್ಲ ಎಂದು ಎಲ್ಲ ಕೆಲಸಕ್ಕೂ ಮಗಳನ್ನೇ ಕರೆಯುವ ಮನೆಗಳ ಪತ್ರಗಳೂ ನನಗೆ ಬಂದಿವೆ.

ಪ್ರಶ್ನೆ: ಹುಬ್ಬಳ್ಳಿಯವಳಾದ ನಾನು ಮದುವೆಯಾಗಿ ಗೋವಾಕ್ಕೆ ಬಂದಿದ್ದೇನೆ. ಹಳೆಯ ಕಂಪನಿಯಲ್ಲಿ ಮಾಡಿದ ವಿನ್ಯಾಸಗಳನ್ನು ನನ್ನ ಕೆಲಸದ ಮಾದರಿಗಳಿರುವ ಪೋರ್ಟ್‌ಫೋಲಿಯೊದಲ್ಲಿ ಹಾಕಬಹುದೇ? ಒಂದು ಕಂಪನಿ ಸಂದರ್ಶನಕ್ಕೆ ಮೊದಲು ಇಡೀ ವೆಬ್‌ಸೈಟನ್ನು ಪರೀಕ್ಷೆಯಾಗಿ ಮಾಡಿಕೊಡಲು ಹೇಳಿದೆ. ಮಾಡಬೇಕೇ?
— ವಾಸ್ಕೊ

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ: ಬೇಡ. ಒಂದು ಪುಟ, ಅರ್ಧ ದಿನ, ಅದೂ ಕಾಲ್ಪನಿಕ ವಿಷಯದ ಮೇಲೆ ಎಂದಾದರೆ ಪರೀಕ್ಷೆ ನ್ಯಾಯವಾದದ್ದು. ಅವರ ವ್ಯವಹಾರಕ್ಕೇ ಬೇಕಾದ ಪೂರ್ತಿ ಸೈಟ್ ಕೇಳಿದರೆ ಅದು ಕೆಲಸ, ಮತ್ತು ಕೆಲಸಕ್ಕೆ ಸಂಬಳವಿರುತ್ತದೆ. ‘ಇಷ್ಟು ಗಂಟೆಯ ಕೆಲಸಕ್ಕೆ ಇಷ್ಟು ಶುಲ್ಕ’ ಎಂದು ವಿನಯದಿಂದ ಬರೆದು ನೋಡಿ, ಬರುವ ಉತ್ತರದಲ್ಲೇ ಅವರ ಸ್ವಭಾವ ತಿಳಿಯುತ್ತದೆ. ತರಬೇತಿಗೆಂದೋ ಗುರುತಿನ ಚೀಟಿಗೆಂದೋ ನಿಮ್ಮಿಂದಲೇ ಹಣ ಕೇಳಿದರೆ ಮಾತು ಅಲ್ಲಿಗೇ ನಿಲ್ಲಿಸಿ.

ಹಳೆಯ ಕೆಲಸದ ವಿಷಯ ಸ್ವಲ್ಪ ತೊಡಕಿನದು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ ನೌಕರಿಯ ಭಾಗವಾಗಿ ಮಾಡಿದ ಕೃತಿಯ ಮೊದಲ ಒಡೆತನ ಉದ್ಯೋಗದಾತರದು. ನೀವು ಸಂಬಳದ ನೌಕರರಾಗಿದ್ದಿರಿ. ಆದ್ದರಿಂದ ಹಳೆಯ ಕಂಪನಿಗೆ ಒಂದು ಮೇಲ್ ಬರೆದು, ಯಾವ ಪುಟಗಳನ್ನು ತೋರಿಸುತ್ತೀರಿ ಎಂಬುದನ್ನು ಹೆಸರಿಸಿ ಒಪ್ಪಿಗೆ ಕೇಳಿ. ಸಾರ್ವಜನಿಕವಾಗಿ ತೆರೆದಿರುವ ಸೈಟಿಗೆ ಒಪ್ಪಿಗೆ ಸುಲಭವಾಗಿ ಸಿಗಬಹುದು, ಒಳಗಿನ ಬಳಕೆಯ ಪುಟಗಳಿಗೆ ಸಿಗುವುದು ಕಷ್ಟ. ಸ್ವತಂತ್ರವಾಗಿ ಮಾಡಿಕೊಟ್ಟ ಕೆಲಸವಾಗಿದ್ದರೆ ಲೆಕ್ಕ ಬೇರೆ: ಅಲ್ಲಿ ಹಕ್ಕಿನ ವರ್ಗಾವಣೆ ಲಿಖಿತವಾಗಿ, ಸಹಿಯೊಂದಿಗೆ ಆಗಬೇಕು, ಅವಧಿಯನ್ನು ನಮೂದಿಸದಿದ್ದರೆ ಐದು ವರ್ಷವೆಂದೂ ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಮಾತ್ರವೆಂದೂ ನಮ್ಮ ಕಾನೂನು ಭಾವಿಸುತ್ತದೆ. ಮುಂದಿನ ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ‘ಸೈಟ್ ಬಿಡುಗಡೆಯಾದ ಮೇಲೆ ಪೋರ್ಟ್‌ಫೋಲಿಯೊದಲ್ಲಿ ತೋರಿಸಬಹುದು’ ಎಂಬ ಒಂದು ಸಾಲು ಸೇರಿಸಿಕೊಳ್ಳಿ. ಸಹಿಯಾದ ಮೇಲೆ ಅದೇ ಸಾಲಿಗಾಗಿ ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ.

ದೂರದ ತಂಡದವರು ಪೋರ್ಟ್‌ಫೋಲಿಯೊದಲ್ಲಿ ಹುಡುಕುವುದು ಚೆಂದದ ಪರದೆಗಳನ್ನಷ್ಟೇ ಅಲ್ಲ. ನೀವು ಯೋಚಿಸಿದ್ದನ್ನು ಬರೆದು ತಿಳಿಸಬಲ್ಲಿರಾ ಎಂಬುದನ್ನೂ ಅವರು ಅಲ್ಲಿಯೇ ಪರೀಕ್ಷಿಸುತ್ತಾರೆ. ಹನ್ನೆರಡು ಕೆಲಸಗಳ ಚಿತ್ರಗಳಿಗಿಂತ ಮೂರು ಕೆಲಸಗಳ ಕಥೆ ಮೇಲು: ಏನು ಸಮಸ್ಯೆ ಇತ್ತು, ಯಾವ ದಾರಿಗಳನ್ನು ಯೋಚಿಸಿ ಬಿಟ್ಟಿರಿ, ಕೊನೆಗೆ ಏನು ಉಳಿಯಿತು. ಒಪ್ಪಿಗೆ ಸಿಗದಿದ್ದರೆ ನಿಮ್ಮೂರಿನದೇ ಒಂದು ವಿಷಯವನ್ನು ಆರಿಸಿಕೊಂಡು ಸ್ವಂತಕ್ಕೆ ಮಾಡಿ. ವಾಸ್ಕೊದಿಂದ ಹುಬ್ಬಳ್ಳಿಗೆ ಹೋಗುವ ಕುಟುಂಬವೊಂದು ರೈಲು ಮತ್ತು ಬಸ್ಸುಗಳ ಹೊತ್ತನ್ನು ಒಂದೇ ಪುಟದಲ್ಲಿ ಹೋಲಿಸುವಂತೆ ಮಾಡುವುದು ಒಳ್ಳೆಯ ಅಭ್ಯಾಸ. ಬಳಸಿ ನೋಡುವವರು ಮನೆಯಲ್ಲೇ ಇದ್ದಾರೆ.

ಪ್ರಶ್ನೆ: ಈ ಕೆಲಸ ಶುರು ಮಾಡಲು ಎಷ್ಟು ದುಬಾರಿ ಲ್ಯಾಪ್‌ಟಾಪ್ ಬೇಕು?
— ಮಡಗಾಂವ್

ಉತ್ತರ: ಸಾಧನಗಳು ಬ್ರೌಸರ್‌ನಲ್ಲೇ ನಡೆಯುವುದರಿಂದ 16 ಜಿಬಿ ಮೆಮೊರಿಯ ಸಾಧಾರಣ ಲ್ಯಾಪ್‌ಟಾಪ್ ಸಾಕು. ಉಳಿದ ಹಣದಲ್ಲಿ ಒಂದು ಹೆಚ್ಚುವರಿ ಪರದೆ, ರೌಟರ್‌ಗೆ ಬ್ಯಾಟರಿ ಬ್ಯಾಕಪ್, ಬೇರೆ ಕಂಪನಿಯ ಇನ್ನೊಂದು ಸಿಮ್ ಮತ್ತು ಕಡಿಮೆ ಬೆಲೆಯ ಒಂದು ಆಂಡ್ರಾಯ್ಡ್ ಫೋನ್ ತೆಗೆದುಕೊಳ್ಳಿ. ಗೋವಾದ ಮಳೆಗಾಲದಲ್ಲಿ ಬ್ಯಾಟರಿ ಇಲ್ಲದೆ ಮೀಟಿಂಗ್ ಪೂರ್ತಿಯಾಗುವುದು ಅದೃಷ್ಟದ ಮಾತು. ಆ ಅಗ್ಗದ ಫೋನ್ ಏಕೆಂದರೆ, ನಿಮ್ಮ ಪುಟಗಳನ್ನು ಬಳಸುವವರಲ್ಲಿ ಬಹಳಷ್ಟು ಜನರ ಕೈಯಲ್ಲಿರುವುದು ಅಂಥದ್ದೇ.

ಪ್ರಶ್ನೆ: ಲಂಡನ್ನಿನ ಕಂಪನಿಯೊಂದು ನನ್ನನ್ನು ‘ಕಾಂಟ್ರ್ಯಾಕ್ಟರ್’ ಎಂದು ತೆಗೆದುಕೊಂಡಿದೆ. ತಿಂಗಳ ಪಗಾರದಂತೆಯೇ ಹಣ ಬರುತ್ತದೆ, ಟಿಡಿಎಸ್ ಇಲ್ಲ. ಹಾಗಾದರೆ ತೆರಿಗೆ ಇಲ್ಲವೇ? ಜಿಎಸ್‌ಟಿ ಬೇಕೇ? ಮುಂಬಯಿಯ ಇನ್ನೊಬ್ಬ ಕ್ಲೈಂಟ್ ಐದು ತಿಂಗಳಿಂದ ಬಿಲ್ ಕೊಟ್ಟಿಲ್ಲ.
— ಥಾಣೆ

ಉತ್ತರ: ಅದು ಪಗಾರವಲ್ಲ, ವೃತ್ತಿಯ ಆದಾಯ. ಪಿಎಫ್, ಗ್ರಾಚ್ಯುಟಿ, ಸಂಬಳಸಹಿತ ರಜೆ ಯಾವುದೂ ಅದರ ಜೊತೆ ಬರುವುದಿಲ್ಲವಾದ್ದರಿಂದ ಶುಲ್ಕ ಹೇಳುವಾಗ ಅವೆಲ್ಲವನ್ನೂ ಸೇರಿಸಿಯೇ ಹೇಳಬೇಕು. ಭಾರತದಲ್ಲಿ ಕಚೇರಿ ಇಲ್ಲದ ಕೆಲವು ವಿದೇಶಿ ಕಂಪನಿಗಳು ಇಲ್ಲಿನ ಮಧ್ಯವರ್ತಿ ಸಂಸ್ಥೆಯ ಮೂಲಕ ಕಾಯಂ ನೌಕರರಾಗಿ ತೆಗೆದುಕೊಳ್ಳುತ್ತವೆ. ಒಪ್ಪಂದ ನವೀಕರಿಸುವಾಗ ಅದನ್ನು ಕೇಳಿ ನೋಡಿ.

ತೆರಿಗೆ ಖಂಡಿತ ಇದೆ. ಇಲ್ಲಿನ ನಿವಾಸಿಗೆ ಲೋಕದ ಎಲ್ಲಿಂದ ಬಂದ ಆದಾಯಕ್ಕೂ ಇಲ್ಲಿ ತೆರಿಗೆ ಬೀಳುತ್ತದೆ. ಯಾರೂ ಮೊದಲೇ ಕಡಿತ ಮಾಡದಿರುವುದರಿಂದ ವರ್ಷದ ತೆರಿಗೆ 10,000 ರೂಪಾಯಿ ದಾಟುವಂತಿದ್ದರೆ ನೀವೇ ಮುಂಗಡ ತೆರಿಗೆಯನ್ನು ಜೂನ್, ಸೆಪ್ಟೆಂಬರ್, ಡಿಸೆಂಬರ್ ಮತ್ತು ಮಾರ್ಚ್ 15ರೊಳಗೆ ಕಂತುಗಳಲ್ಲಿ ಕಟ್ಟಬೇಕು, ತಪ್ಪಿದರೆ ಬಡ್ಡಿ ಬೀಳುತ್ತದೆ. ಕೆಲವು ನಿರ್ದಿಷ್ಟ ವೃತ್ತಿಗಳವರು ಒಟ್ಟು ಗಳಿಕೆಯ ಅರ್ಧವನ್ನೇ ಆದಾಯವೆಂದು ತೋರಿಸುವ ಸರಳ ಪದ್ಧತಿಯೂ ಇದೆ. ಆದರೆ ಕಲೆಯೂ ತಂತ್ರಜ್ಞಾನವೂ ಬೆರೆತ ನಿಮ್ಮ ಕೆಲಸ ಆ ಪಟ್ಟಿಯೊಳಗೆ ಬರುತ್ತದೆಯೇ ಎಂಬುದನ್ನು ಸ್ನೇಹಿತರ ಮಾತಿನ ಮೇಲೆ ನಿರ್ಧರಿಸದೆ, ಒಪ್ಪಂದವನ್ನು ತೋರಿಸಿ ಸಿಎ ಒಬ್ಬರಿಂದ ಕೇಳಿಕೊಳ್ಳಿ. ಜಿಎಸ್‌ಟಿ ನೋಂದಣಿ ಸೇವೆಗಳಿಗೆ ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟಿದಾಗ ಬೇಕಾಗುತ್ತದೆ, ಮತ್ತು ಆ ಲೆಕ್ಕದಲ್ಲಿ ರಫ್ತೂ ಸೇರುತ್ತದೆ. ನೋಂದಣಿಯಾದ ಮೇಲೆ ವಿದೇಶಕ್ಕೆ ಕೊಡುವ ಸೇವೆ ಶೂನ್ಯ ದರದ್ದು; ಪ್ರತಿ ಹಣಕಾಸು ವರ್ಷಕ್ಕೆ ಎಲ್‌ಯುಟಿ ಎಂಬ ಮುಚ್ಚಳಿಕೆ ಸಲ್ಲಿಸಿದರೆ ತೆರಿಗೆ ಕಟ್ಟದೆಯೇ ಬಿಲ್ ಮಾಡಬಹುದು. ವಿದೇಶಿ ಹಣ ಬಂದದ್ದಕ್ಕೆ ಬ್ಯಾಂಕ್ ಕೊಡುವ ದಾಖಲೆಯನ್ನು ಪ್ರತಿ ಬಿಲ್ಲಿನ ಜೊತೆ ಇಟ್ಟುಕೊಳ್ಳಿ. ಮಹಾರಾಷ್ಟ್ರದಲ್ಲಿ ಸ್ವತಂತ್ರ ವೃತ್ತಿಯವರಿಗೆ ವರ್ಷಕ್ಕೆ 2,500 ರೂಪಾಯಿಯ ವೃತ್ತಿ ತೆರಿಗೆಯೂ ಇದೆ. ಬಹಳ ಮಂದಿ ಇದನ್ನು ಮರೆಯುತ್ತಾರೆ.

ಮುಂಬಯಿಯ ಕ್ಲೈಂಟ್ ವಿಷಯದಲ್ಲಿ, ಆ ಕೆಲಸಕ್ಕೆ ಮೊದಲೇ ನೀವು ಸಣ್ಣ ಉದ್ಯಮಗಳಿಗಾಗಿ ಕೇಂದ್ರ ಸರ್ಕಾರ ನಡೆಸುವ ಉದ್ಯಮ್ ನೋಂದಣಿ ಮಾಡಿಸಿದ್ದರೆ 2006ರ ಎಂಎಸ್‌ಎಂಇ ಕಾಯ್ದೆ ನಿಮ್ಮ ಬೆನ್ನಿಗಿದೆ. ಲಿಖಿತ ಒಪ್ಪಂದವಿದ್ದರೂ 45 ದಿನಕ್ಕಿಂತ ಹೆಚ್ಚು ಸಮಯ ಅವರು ತೆಗೆದುಕೊಳ್ಳುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕು, ಮತ್ತು ಇದಕ್ಕಾಗಿ ಸರ್ಕಾರ ನಡೆಸುವ ಪೋರ್ಟಲಿನಲ್ಲಿ ದೂರು ದಾಖಲಿಸಬಹುದು. ನೋಂದಣಿ ಉಚಿತ. ಇನ್ನೂ ಮಾಡಿಸಿಲ್ಲವಾದರೆ ಮುಂದಿನ ಬಿಲ್ಲುಗಳಿಗಾದರೂ ಆಗುತ್ತದೆ, ಇಂದೇ ಮಾಡಿಸಿ. ದೂರು ಕೊಡುವ ಮೊದಲು ಕೆಲಸ ಒಪ್ಪಿಕೊಂಡದ್ದಾಗಿ ಅವರು ಬರೆದ ಮೇಲ್, ನೀವು ಫೈಲ್ ಕೊಟ್ಟ ದಿನಾಂಕ ಮತ್ತು ಬಿಲ್ ಈ ಮೂರನ್ನೂ ಒಂದೆಡೆ ಜೋಡಿಸಿಕೊಳ್ಳಿ. ಫೋನಿನಲ್ಲಿ ‘ಚೆನ್ನಾಗಿದೆ’ ಎಂದದ್ದು ಅಲ್ಲಿ ಲೆಕ್ಕಕ್ಕೆ ಬರುವುದು ಕಷ್ಟ. ವಿದೇಶಿ ಕ್ಲೈಂಟ್‌ಗಳ ಮೇಲೆ ಈ ಕಾಯ್ದೆ ನಡೆಯುವುದಿಲ್ಲವಾದ್ದರಿಂದ ಅಲ್ಲಿ ಮುಂಗಡ ಪಡೆದು, ಕೊನೆಯ ಕಂತು ಬಂದ ಮೇಲೆಯೇ ಮೂಲ ಫೈಲ್ ಒಪ್ಪಿಸುವ ಪದ್ಧತಿ ಇಟ್ಟುಕೊಳ್ಳಿ.

ಪ್ರಶ್ನೆ: ನಮ್ಮ ತಂಡ ಒಂದು ಆ್ಯಪ್ ಮತ್ತು ಸೈಟನ್ನು ಕನ್ನಡಕ್ಕೂ ತರುತ್ತಿದೆ. ಕನ್ನಡಿಗಳೆಂದು ಪರಿಶೀಲನೆಯನ್ನು ನನಗೆ ವಹಿಸಿದ್ದಾರೆ. ಅಕ್ಷರಗಳ ಕೆಳಭಾಗ ಕತ್ತರಿಸಿದಂತೆ ಕಾಣುತ್ತದೆ, ಬೇರೆಯವರಿಗೆ ಅದು ಕಾಣುವುದೇ ಇಲ್ಲ.
— ಚೆಂಬೂರು

ಉತ್ತರ: ಕಾಣದಿರುವುದು ಸಹಜ. ಅವರ ಅಭ್ಯಾಸ ಒಂದೇ ಸಾಲಿನ ಮೇಲೆ ನಿಲ್ಲುವ ಲಿಪಿಯದು. ನಮ್ಮಲ್ಲಿ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. ಇಂಗ್ಲಿಷಿಗೆ ಅಳೆದು ಎತ್ತರ ಕಟ್ಟಿಹಾಕಿದ ಬಟನ್‌ಗಳಲ್ಲಿ ಅದು ಕತ್ತರಿಸಿಹೋಗುತ್ತದೆ. ರಾಷ್ಟ್ರ, ಶಾಸ್ತ್ರ, ಸಾಮರ್ಥ್ಯ, ವೈಶಿಷ್ಟ್ಯದಂತಹ ಪದಗಳ ಒಂದು ಪರೀಕ್ಷಾ ಪುಟ ಮಾಡಿ, ಪ್ರತಿಯೊಂದು ಬಟನ್ ಮತ್ತು ಶೀರ್ಷಿಕೆಯಲ್ಲಿ ಹಾಕಿ ನೋಡಿ, ಸಾಲುಗಳ ನಡುವಿನ ಅಂತರವನ್ನು ಇಂಗ್ಲಿಷಿಗಿಂತ ಹೆಚ್ಚಿಸಲು ಹೇಳಿ. ಅಕ್ಷರಗಳ ನಡುವೆ ಕೃತಕ ಅಂತರ ಬೇಡ, ಓರೆ ಅಕ್ಷರವೂ ಬೇಡ. ನಮ್ಮ ಫಾಂಟುಗಳಲ್ಲಿ ಓರೆ ರೂಪ ಅಪರೂಪವಾದ್ದರಿಂದ ಬ್ರೌಸರ್ ನೇರ ಅಕ್ಷರವನ್ನೇ ವಾಲಿಸುತ್ತದೆ, ನೋಡಲು ಅಸಹ್ಯವಾಗಿರುತ್ತದೆ. ಫಾಂಟಿಗೆ ನೋಟೊ ಸಾನ್ಸ್ ಕನ್ನಡ ಸುರಕ್ಷಿತ ಆಯ್ಕೆ. ಮುಂಬಯಿಯವರೇ ಆದ ಏಕ್ ಟೈಪ್ ಸಂಸ್ಥೆ ರೂಪಿಸಿದ ಅನೇಕ್ ಕನ್ನಡದಲ್ಲಿ ದಪ್ಪದ ಜೊತೆ ಅಗಲವನ್ನೂ ಬದಲಿಸಬಹುದಾದ್ದರಿಂದ ಇಕ್ಕಟ್ಟಿನ ಬಟನ್‌ಗಳಿಗೆ ಅದು ಅನುಕೂಲ; ಎರಡೂ ಉಚಿತ.

ಡೆವಲಪರ್‌ಗಳಿಗೆ ಬರೆದು ತಿಳಿಸಬೇಕಾದದ್ದು ಇನ್ನೂ ಇದೆ. ಹೆಸರಿನ ಜಾಗಕ್ಕೆ ಅಕ್ಷರಗಳ ಮಿತಿ ಹಾಕುವಾಗ ಕಂಪ್ಯೂಟರ್ ಎಣಿಸುವುದು ನಾವು ಎಣಿಸಿದಂತಲ್ಲ: ‘ಸ್ತ್ರೀ’ ನಮಗೆ ಒಂದೇ ಅಕ್ಷರ, ಎಲ್ಲ ಲಿಪಿಗಳಿಗೂ ಇರುವ ಕಂಪ್ಯೂಟರ್ ಸಂಕೇತ ಪದ್ಧತಿಯಾದ ಯುನಿಕೋಡ್‌ನಲ್ಲಿ ಆರು ಸಂಕೇತಗಳು. ಮಿತಿಯನ್ನು ಇಂಗ್ಲಿಷಿನ ಲೆಕ್ಕಕ್ಕೆ ಇಟ್ಟರೆ ಪದ ನಡುವೆಯೇ ತುಂಡಾಗುತ್ತದೆ. ಅನುವಾದಕರು ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿ ಕಳಿಸಿದರೆ ಪುಟದಲ್ಲಿ ಅರ್ಥವಿಲ್ಲದ ರೋಮನ್ ಚಿಹ್ನೆಗಳು ಬರುತ್ತವೆ. ಯುನಿಕೋಡ್‌ನಲ್ಲೇ ಬೇಕೆಂದು ಕೆಲಸ ಕೊಡುವಾಗಲೇ ಹೇಳಬೇಕು. ಪುಟದ ಭಾಷೆ ಕನ್ನಡವೆಂದು ಕೋಡ್‌ನಲ್ಲಿ ಗುರುತಿಸಿರಬೇಕು, ಇಲ್ಲವಾದರೆ ದೃಷ್ಟಿಹೀನರು ಬಳಸುವ ಸ್ಕ್ರೀನ್ ರೀಡರ್ ಬೇರೆ ಭಾಷೆಯ ದನಿಯಲ್ಲಿ ಓದಲು ಹೊರಡುತ್ತದೆ.

ಕೊನೆಯದಾಗಿ, ಇಷ್ಟೆಲ್ಲ ನೋಡಿಕೊಳ್ಳುವುದು ನಿಮ್ಮ ಡಿಸೈನ್ ಕೆಲಸದ ಹೊರಗಿನದು. ಕನ್ನಡ ಬಲ್ಲವರೆಂಬ ಕಾರಣಕ್ಕೆ ಅದು ಪುಕ್ಕಟೆಯಾಗಿ ಸೇರಿಕೊಳ್ಳಬಾರದು. ವಾರಕ್ಕೆ ಎಷ್ಟು ಗಂಟೆ ಇದಕ್ಕೆ ಹೋಗುತ್ತಿದೆ ಎಂಬುದನ್ನು ಬರೆದಿಟ್ಟು, ಮುಂದಿನ ಕೆಲಸದ ಯೋಜನೆಯಲ್ಲಿ ಅದಕ್ಕೆ ಪ್ರತ್ಯೇಕ ಸಮಯವನ್ನೂ, ಸಾಧ್ಯವಿದ್ದರೆ ಪ್ರತ್ಯೇಕ ಶುಲ್ಕವನ್ನೂ ಕೇಳಿ.